ಮೋಟು ಬೆಡ್ಡಿನ ಮೇಲೆ ಮನೆಯ ಭಾರ

ಅಮೆರಿಕದಲ್ಲಿ ಟ್ರೇಲರ್ ಮನೆ ಕಟ್ಟಿಕೊಂಡು ಊರೂರು ತಿರುಗುವವರ ನಡುವೆ ಮುಗಿಯದ ವಾದವೊಂದಿದೆ: ಮೋಟು ಬೆಡ್ಡಿನ, ಅಂದರೆ ಹಿಂಬದಿಯ ತೆರೆದ ಸಾಮಾನು ಜಾಗ ಗಿಡ್ಡಗಿರುವ ಪಿಕಪ್ಪಿನಿಂದ ಫಿಫ್ತ್ ವೀಲ್ ಟ್ರೇಲರ್ ಎಳೆಯಬಹುದೇ? ಎಳೆಯಬಹುದು ಎಂದೇ ನನ್ನ ಅಭಿಪ್ರಾಯ. ಆದರೆ ಈ ವಾದವೆಲ್ಲ ಕ್ಯಾಬಿನ್ನಿನ ಹಿಂಗಾಜಿನ ಸುತ್ತಲೇ ನಡೆಯುತ್ತದೆ. ಭಾರದ ಮಾತು ಕೊನೆಗೆಲ್ಲೋ ಬರುತ್ತದೆ, ಬಾರದೆಯೂ ಹೋಗುತ್ತದೆ.

ಫಿಫ್ತ್ ವೀಲನ್ನು ಬಂಪರಿನ ಹಿಂದೆ ಸಿಕ್ಕಿಸುವುದಿಲ್ಲ. ನಮ್ಮ ಹೆದ್ದಾರಿಯ ಕಂಟೇನರ್ ಲಾರಿಗಳಲ್ಲಿರುವ ಜೋಡಣೆಯೇ ಇಲ್ಲೂ ಇದೆ. ಟ್ರೇಲರಿನ ಮೂತಿಯಿಂದ ಇಳಿದ ಕಿಂಗ್‌ಪಿನ್, ಪಿಕಪ್ಪಿನ ಬೆಡ್ಡಿನೊಳಗಿನ ಹಿಚ್ ಎಂಬ ಕೊಂಡಿಗೆ ಕಚ್ಚಿಕೊಳ್ಳುತ್ತದೆ. ಆ ಹಿಚ್ ಕೂರುವುದು ಹಿಂದಿನ ಆಕ್ಸಲ್ಲಿನ ನೇರಕ್ಕೆ, ಇಲ್ಲವೇ ತುಸು ಮುಂದೆ. ಭಾರ ಅಲ್ಲಿ ಬೀಳುವುದರಿಂದಲೇ ಗಾಳಿಗೆ, ದೊಡ್ಡ ಲಾರಿಗಳ ರಭಸಕ್ಕೆ ಟ್ರೇಲರ್ ಓಲಾಡುವುದು ಕಡಿಮೆ.

ತೊಡಕಿರುವುದು ತಿರುವಿನಲ್ಲಿ. 8 ಅಡಿ ಅಗಲದ ಟ್ರೇಲರಿನ ಅರ್ಧ ಅಗಲ 48 ಇಂಚು. 8 ಅಡಿಯ ಉದ್ದ ಬೆಡ್ಡಿನಲ್ಲಿ ಕ್ಯಾಬಿನ್ನಿನ ಬೆನ್ನಿಗೂ ಆಕ್ಸಲ್ಲಿಗೂ ನಡುವೆ ಸುಮಾರು 55 ಇಂಚು ಜಾಗವಿದ್ದರೆ, ಆರೂವರೆ ಅಡಿಯ ಮೋಟು ಬೆಡ್ಡಿನಲ್ಲಿ 40ರ ಆಸುಪಾಸು. ಕ್ಯಾಂಪ್‌ಗ್ರೌಂಡಿನ ಇಕ್ಕಟ್ಟಿಗೆ ರಿವರ್ಸ್ ಹಾಕುವಾಗ ಟ್ರಕ್ಕೂ ಟ್ರೇಲರೂ ಲಂಬಕೋನಕ್ಕೆ ಬಂದರೆ ಟ್ರೇಲರಿನ ಮೂಲೆ ಹಿಂಗಾಜಿಗೆ ಬಡಿಯುತ್ತದೆ. ಮುಂದಿನ ಮೂಲೆಗಳನ್ನು ದುಂಡಗೆ ಮಾಡಿದ ಹೊಸ ಟ್ರೇಲರುಗಳಲ್ಲಿ ಈ ಭಯ ಕಡಿಮೆ, ಪೂರ್ತಿ ಹೋಗಿಲ್ಲ.

ಇದಕ್ಕೆ ಹೆಚ್ಚಿನವರು ಕೊಳ್ಳುವ ಪರಿಹಾರ ಕೈಯಿಂದ ಸರಿಸುವ ಸ್ಲೈಡರ್ ಹಿಚ್. ಬಿಗಿ ತಿರುವಿಗೆ ಮೊದಲು ಗಾಡಿ ನಿಲ್ಲಿಸಿ, ಇಳಿದು ಲಿವರ್ ಎಳೆದು, ಟ್ರೇಲರಿನ ಬ್ರೇಕ್ ಹಿಡಿದು ಟ್ರಕ್ಕನ್ನು ಮುಂದಕ್ಕೆ ಬಿಟ್ಟರೆ ಹಿಚ್ ಒಂದಡಿಯಷ್ಟು ಹಿಂದೆ ಸರಿಯುತ್ತದೆ. ಕೆಲಸ ಮುಗಿದ ಮೇಲೆ ಮತ್ತೆ ಮುಂದಕ್ಕೆ ತಂದು ಬಿಗಿಯಬೇಕು. ಭಾರ ಆಕ್ಸಲ್ಲಿನ ಹಿಂದಕ್ಕೆ ಬಿದ್ದ ಸ್ಥಿತಿಯಲ್ಲೇ ಹೆದ್ದಾರಿಗೆ ಹೋದರೆ ಮುಂದಿನ ಚಕ್ರಗಳು ಹಗುರಾಗಿ ಸ್ಟಿಯರಿಂಗ್ ಸಡಿಲವಾಗುತ್ತದೆ. ಈ ಹಿಚ್ ಅಗ್ಗ, ಗಟ್ಟಿ. ಆದರೂ ನಾನಿದನ್ನು ಒಪ್ಪಲಾರೆ. ದಿನವಿಡೀ ಓಡಿಸಿ ದಣಿದವರು, ಕತ್ತಲಲ್ಲಿ, ಮಳೆಯಲ್ಲಿ, ಪೆಟ್ರೋಲ್ ಬಂಕಿನಲ್ಲಿ ದಾರಿ ಕಟ್ಟಿದಾಗ, ನೆನಪಿಟ್ಟು ಇಳಿದು ಲಿವರ್ ಎಳೆಯಬೇಕು. ಮರೆವು ಬರುವುದೇ ಅಂಥ ಹೊತ್ತಿನಲ್ಲಿ.

ಪುಲ್‌ರೈಟ್ ಕಂಪನಿಯ ಸೂಪರ್‌ಗ್ಲೈಡ್ ಈ ಕೆಲಸವನ್ನು ಮನುಷ್ಯನ ನೆನಪಿಗೆ ಬಿಟ್ಟಿಲ್ಲ. ಟ್ರಕ್ಕು ತಿರುಗಿದಷ್ಟೂ ಹಿಚ್ ತಾನೇ ಹಿಂದೆ ಸರಿಯುತ್ತದೆ, ನೇರವಾದಾಗ ತಾನೇ ಮರಳುತ್ತದೆ. ಕಿಂಗ್‌ಪಿನ್ನಿಗೆ ಒಂದು ತಟ್ಟೆ ಜೋಡಿಸಬೇಕು, ದುಡ್ಡು ಹೆಚ್ಚು, ತೂಕವೂ ಹೆಚ್ಚು. ಆದರೂ ಮೋಟು ಬೆಡ್ಡಿಗೆ ತಕ್ಕುದು ಇದೇ. ರೀಸ್ ಕಂಪನಿಯ ಸೈಡ್‌ವೈಂಡರ್ ತಿರುಗುವ ಬಿಂದುವನ್ನೇ ಟ್ರೇಲರಿನ ಕಡೆಗೆ 22 ಇಂಚಿನಷ್ಟು ಹಿಂದೆ ಒಯ್ಯುತ್ತದೆ. ಜಾಣ ಉಪಾಯವೇ.

ಆದರೆ ಗಾಜು ಉಳಿದ ಮಾತ್ರಕ್ಕೆ ಟ್ರಕ್ಕು ಉಳಿಯಿತೆಂದಲ್ಲ. ಫಿಫ್ತ್ ವೀಲಿನ ಒಟ್ಟು ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಕಿಂಗ್‌ಪಿನ್ನಿನ ಮೂಲಕ ಟ್ರಕ್ಕಿನ ಮೇಲೆ ಕೂರುತ್ತದೆ; ಇದೇ ಪಿನ್ ತೂಕ. 12,000 ಪೌಂಡಿನ ಟ್ರೇಲರಾದರೆ 2,400 ಪೌಂಡ್. ಅದಕ್ಕೆ ಹಿಚ್ಚಿನ ತೂಕ, ಗಂಡ ಹೆಂಡತಿ, ನಾಯಿ, ಬೆಡ್ಡಿನಲ್ಲಿಟ್ಟ ಸಾಮಾನು ಸೇರಿಸಿ. ಮುಕ್ಕಾಲು ಟನ್ ವರ್ಗದ (ಟನ್ ಇಲ್ಲಿ ಹೆಸರಷ್ಟೇ, ಹೊರುವ ಅಳತೆಯಲ್ಲ) ಡೀಸೆಲ್ ಪಿಕಪ್‌ಗಳ ಒಟ್ಟು ತೂಕದ ಮಿತಿ ಹಲವು ಮಾದರಿಗಳಲ್ಲಿ 10,000 ಪೌಂಡ್. ಎಂಜಿನ್ನೇ ಭಾರವಾದ್ದರಿಂದ ಹೊರಲು ಉಳಿಯುವುದು ಎಷ್ಟೋ ಸಲ 2,500ಕ್ಕಿಂತ ಕಡಿಮೆ. ಜಾಹೀರಾತು ಸಾರುವುದು ಎಳೆಯುವ ಶಕ್ತಿಯನ್ನು. ಹೊರುವ ಶಕ್ತಿ ಇರುವುದು ಡ್ರೈವರ್ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಹಳದಿ ಚೀಟಿಯಲ್ಲಿ. ಟ್ರೇಲರಿನ ಕೈಪತ್ರ ಕೊಡುವ ಪಿನ್ ತೂಕವಾದರೋ ಖಾಲಿ ಮನೆಯದು. ಮಲಗುವ ಕೋಣೆ, ಬಟ್ಟೆ ಕಪಾಟು, ದೊಡ್ಡ ಸಾಮಾನು ಗೂಡು ಎಲ್ಲ ಮುಂಭಾಗದಲ್ಲೇ ಇರುವುದರಿಂದ, ಸಂಸಾರ ತುಂಬಿದಂತೆ ಪಿನ್ನಿನ ಮೇಲೇ ಭಾರ ಏರುತ್ತದೆ. ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ತೂಕದ ಕಟ್ಟೆಗಳಿವೆ. ಟ್ರಕ್ಕನ್ನು ಒಂಟಿಯಾಗಿ ಒಮ್ಮೆ, ಟ್ರೇಲರ್ ಸಮೇತ ಒಮ್ಮೆ ತೂಗಿಸಿದರೆ, ಟ್ರಕ್ಕಿನ ಆಕ್ಸಲ್ಲುಗಳ ಮೇಲೆ ಹೆಚ್ಚಾದ ತೂಕವೇ ನಿಜವಾದ ಪಿನ್ ತೂಕ. ಎರಡು ಬಾರಿ ತೂಗಿಸುವ ಖರ್ಚು ಒಂದು ಟೈರಿನ ಬೆಲೆಯ ಮುಂದೆ ಏನೇನೂ ಅಲ್ಲ.

ಹಾಗಾದರೆ ಉದ್ದ ಬೆಡ್ಡೇ ಕೊಳ್ಳಲಿ ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಫೋರ್ಡ್ ಸೂಪರ್ ಡ್ಯೂಟಿಯ ನಾಲ್ಕು ಬಾಗಿಲಿನ ಕ್ಯಾಬಿನ್ನಿಗೆ ಉದ್ದ ಬೆಡ್ ಸೇರಿದರೆ ವೀಲ್‌ಬೇಸೇ 176 ಇಂಚು, ಮೋಟು ಬೆಡ್ಡಿಗೆ 160. ವರ್ಷದಲ್ಲಿ ಕೆಲವೇ ವಾರ ಟ್ರೇಲರ್ ಎಳೆದು, ಉಳಿದ ದಿನ ಮಕ್ಕಳನ್ನು ಶಾಲೆಗೆ ಬಿಟ್ಟು ಅಂಗಡಿಯ ಮುಂದೆ ಗಾಡಿ ನಿಲ್ಲಿಸುವವರಿಗೆ ಆ 16 ಇಂಚು ದಿನನಿತ್ಯದ ಕಷ್ಟ. ಅಂಥವರು ಇನ್ನೂ ಹೆಚ್ಚು ಹೊರುವ ಒಂದು ಟನ್ ವರ್ಗದ ಮೋಟು ಬೆಡ್ ಟ್ರಕ್ಕಿಗೆ ತಾನೇ ಸರಿಯುವ ಹಿಚ್ ಹಾಕಿಸಿದರೆ ನನ್ನ ತಕರಾರಿಲ್ಲ. ಐದೂವರೆ ಅಡಿ ಬೆಡ್ಡಿನ ಅರ್ಧ ಟನ್ ಟ್ರಕ್ಕಿನ ಮಾತು ಹಾಗಲ್ಲ. ಅದು ಹೊರುವುದೇ ಸಾಮಾನ್ಯವಾಗಿ 1,500ರಿಂದ 2,000 ಪೌಂಡ್. ಅದಕ್ಕೂ ಆಗುತ್ತದೆಂದು ಫಿಫ್ತ್ ವೀಲ್ ಮಾರುವುದು ತಪ್ಪು. ಆ ಟ್ರಕ್ಕು ಇರುವವರು ಹಿಂದೆ ಸಿಕ್ಕಿಸುವ ಹಗುರ ಟ್ರೇಲರನ್ನೇ ಕೊಳ್ಳಲಿ.