ಗುರುತಿನ ಆಶಯ ಮತ್ತು ‘ಮೊಬೈಲ್ ಸೂಟ್ ಗಂಡಮ್’

ಯೋಶಿಯುಕಿ ತೊಮಿನೊ ನಿರ್ದೇಶಿಸಿದ ಜಪಾನೀ ಅನಿಮೆ ಸರಣಿ ‘ಮೊಬೈಲ್ ಸೂಟ್ ಗಂಡಮ್’ (1979-80) ತನ್ನ 43 ಕಂತುಗಳಲ್ಲಿ ಸಾವಿಗೆ ಕೊರತೆ ಮಾಡಿಲ್ಲ. ತಮ್ಮ-ತಂಗಿಯರನ್ನು ಸಾಕಲು ಗೂಢಚಾರಿಕೆಗೆ ಇಳಿದ ಮಿಹಾರು, ಚಾರ್‌ನನ್ನು ಉಳಿಸಲು ಅಡ್ಡ ಬಂದ ಲಾಲಾ ಇಬ್ಬರ ಮರಣವೂ ಹೃದಯವಿದ್ರಾವಕವೇ. ಆದರೆ ಕರುಳನ್ನು ಹೆಚ್ಚು ಇರಿಯುವ ಪ್ರಸಂಗ ಬೇರೆಯದು.

13ನೆಯ ಕಂತಿನಲ್ಲಿ, ಯಂತ್ರಕವಚವನ್ನು ನಡೆಸುವ ಬಾಲಯೋಧ ಅಮುರೊ ತವರೂರಿಗೆ ಬಂದು, ನಿರಾಶ್ರಿತರ ಶಿಬಿರದಲ್ಲಿ ತಾಯಿಯನ್ನು ಕಾಣುತ್ತಾನೆ. ಶತ್ರುಸೈನಿಕರು ತಪಾಸಣೆಗೆ ಬಂದಾಗ ಹಾಸಿಗೆಯಲ್ಲಿ ಅಡಗಿದ್ದವನು ಹೊದಿಕೆಯೊಳಗಿನಿಂದಲೇ ಪಿಸ್ತೂಲು ಹಾರಿಸುತ್ತಾನೆ. ಬಹುಕಾಲದ ನಂತರ ಮರಳಿದವನನ್ನು ಮಚ್ಚೆಯಿಂದಲೋ ಉಂಗುರದಿಂದಲೋ ಗುರುತಿಸುವುದು ಜನಪದ ಕಥನಗಳ ಸುಪರಿಚಿತ ಆಶಯ. ಇಲ್ಲಿ ಆ ಆಶಯ ತಲೆಕೆಳಗಾಗಿದೆ. ತಾಯಿಗೆ ಮಗನ ಮುಖದ ಗುರುತು ಸಿಕ್ಕಿತು, ಗುಂಡು ಹಾರಿಸಿದ ಕೈಯ ಗುರುತು ಸಿಗಲಿಲ್ಲ. ಇದು ಯುದ್ಧವೆಂಬ ಮಗನ ಸಮರ್ಥನೆಯೂ ಸುಳ್ಳಲ್ಲ. ಇಬ್ಬರಲ್ಲಿ ಯಾರನ್ನೂ ತಪ್ಪಿತಸ್ಥರನ್ನಾಗಿಸದಿರುವುದೇ ತೊಮಿನೊ ಅವರ ಹಿರಿಮೆ. ಮಕ್ಕಳ ಆಟಿಕೆಗಳ ಮಾರಾಟವನ್ನು ನಂಬಿದ್ದ ಸರಣಿಯಲ್ಲಿ ಇದು ಸಣ್ಣ ಧೈರ್ಯವಲ್ಲ. ಕೊನೆಗೆ ಅಮುರೊ ಹೆತ್ತವಳಿಗೆ ಸೈನಿಕ ವಂದನೆ ಸಲ್ಲಿಸಿ ಹೊರಡುತ್ತಾನೆ.

ತಂದೆಯ ಪ್ರಸಂಗ ಇದರದೇ ಭಿನ್ನಪಾಠ. ಗಂಡಮ್ ಯಂತ್ರದ ಶಿಲ್ಪಿಯಾದ ತೆಮ್ ರೇ ಆಮ್ಲಜನಕದ ಕೊರತೆಯಿಂದ ಬುದ್ಧಿ ಮಸುಕಾದವನು. ಮಗ ತಾಯಿಯ ವಿಷಯ ತೆಗೆದರೂ ಅವನ ಮನಸ್ಸು ಯಂತ್ರದಿಂದ ಕದಲದು. ಅದಕ್ಕೆ ಜೋಡಿಸೆಂದು ಆತ ಹೆಮ್ಮೆಯಿಂದ ಕೊಡುವ ಬಿಡಿಭಾಗ ಎಂದೋ ಹಳತಾದುದು. ಅಮುರೊ ಮರುಮಾತಿಲ್ಲದೆ ತೆಗೆದುಕೊಂಡು, ಹೊರಗೆ ಬಂದ ಮೇಲೆ ನೆಲಕ್ಕೆ ಬಿಸುಡುತ್ತಾನೆ.