ಕೊನೆಯವಳೆಂದು ಬರೆದವರು ಯಾರು?

ಟಾಮ್ ಹೇಡನ್ ನಿರ್ದೇಶನದ 'ದಿ ಲಾಸ್ಟ್ ಟಾಸ್ಮೇನಿಯನ್' 1978ರ ಸಾಕ್ಷ್ಯಚಿತ್ರ. ನಾನು ನೋಡಿದ್ದು ಬಹಳ ತಡವಾಗಿ. ನೋಡಿ ಮನಸ್ಸು ಭಾರವಾಯಿತು. ಆಮೇಲೆ ಸಿಟ್ಟೂ ಬಂತು.

ಭಾರಕ್ಕೆ ಕಾರಣ ಅದು ಹೇಳುವ ಸತ್ಯ. 1803ರಲ್ಲಿ ಬ್ರಿಟಿಷರು ಆಸ್ಟ್ರೇಲಿಯಾದ ದಕ್ಷಿಣಕ್ಕಿರುವ ಟಾಸ್ಮೇನಿಯಾ ದ್ವೀಪದಲ್ಲಿ ನೆಲೆಯೂರಿದರು. ಮೂಲನಿವಾಸಿಗಳ ಬೇಟೆಯ ನೆಲ ಕುರಿಗಳ ಹುಲ್ಲುಗಾವಲಾಯಿತು. 1830ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿ ಸಾಲುಗಟ್ಟಿ ಅವರನ್ನು ಅಟ್ಟಿದರು. ಉಳಿದವರನ್ನು ಫ್ಲಿಂಡರ್ಸ್ ದ್ವೀಪಕ್ಕೆ ಸಾಗಿಸಿದರು. 1847ರಲ್ಲಿ ಅಲ್ಲಿಂದ ಮರಳಿದವರು 47 ಜನ. 1876ರಲ್ಲಿ ಟ್ರುಗನಿನಿ ತೀರಿಕೊಂಡಳು. ಸತ್ತ ಮೇಲೆ ತನ್ನ ದೇಹವನ್ನು ಕೊಯ್ಯಬಾರದೆಂದು ಬೇಡಿಕೊಂಡಿದ್ದವಳ ಅಸ್ಥಿಪಂಜರವನ್ನು ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಕ್ಕಿಟ್ಟರು, ತೆಗೆದದ್ದು 1947ರಲ್ಲಿ. ಇದೆಲ್ಲವನ್ನೂ ಜನಾಂಗಹತ್ಯೆ ಎಂದು ಮುಚ್ಚುಮರೆಯಿಲ್ಲದೆ ಕರೆದದ್ದು ಈ ಚಿತ್ರದ ದೊಡ್ಡತನ.

ಸಿಟ್ಟಿಗೆ ಕಾರಣ ಅದರ ಹೆಸರಿನಲ್ಲಿರುವ 'ಲಾಸ್ಟ್'. ಟ್ರುಗನಿನಿಯೊಂದಿಗೆ ಆ ಜನಾಂಗವೇ ಮುಗಿಯಿತು ಎನ್ನುತ್ತದೆ ಚಿತ್ರ. ಆದರೆ ಸೀಲ್ ಬೇಟೆಗೆ ಬಂದ ಬಿಳಿಯರು ಎಷ್ಟೋ ಮೂಲನಿವಾಸಿ ಹೆಂಗಸರನ್ನು ಹೊತ್ತೊಯ್ದು ಸಂಸಾರ ಹೂಡಿದ್ದರು. ಆ ಹೆಂಗಸರ ಸಂತತಿ, ತಾವು ಬದುಕಿರುವಾಗಲೇ ತಮ್ಮನ್ನು ಅಳಿಸಿದ್ದಾರೆಂದು ಪ್ರತಿಭಟಿಸಿತು. ಅಳಿದುಹೋದವರಿಗೆ ಭೂಮಿ ಕೇಳುವ ಹಕ್ಕೆಲ್ಲಿಯದು? 1995ರಲ್ಲಿ ಕಾಯಿದೆಯೇ ಆಗಿ 12 ಸ್ಥಳಗಳು ಅವರಿಗೆ ಮರಳಿದವು.

ಫ್ಯಾನಿ ಕಾಕ್ರೇನ್ ಸ್ಮಿತ್ ಎಂಬಾಕೆಯನ್ನೇ ನೋಡಿ. ಫ್ಲಿಂಡರ್ಸ್ ದ್ವೀಪದಲ್ಲಿ ಹುಟ್ಟಿ, ಇಂಗ್ಲಿಷನೊಬ್ಬನನ್ನು ಮದುವೆಯಾಗಿ, 11 ಮಕ್ಕಳನ್ನು ಹೆತ್ತವಳು. ತನ್ನವರ ಹಾಡುಗಳನ್ನು 1899 ಮತ್ತು 1903ರಲ್ಲಿ ಧ್ವನಿಮುದ್ರಣಕ್ಕೆ ಹಾಡಿಕೊಟ್ಟಳು. ಸತ್ತದ್ದು 1905ರಲ್ಲಿ, 'ಕೊನೆಯವಳು' ಹೋಗಿ 29 ವರ್ಷಗಳಾದ ಮೇಲೆ!

ಈ ಲೆಕ್ಕ ನಮಗೇನು ಹೊಸದೇ? ಮನೆಯ ವಂಶವೃಕ್ಷದಲ್ಲಿ ಮಗಳ ಹತ್ತಿರ ಬಂದಾಗ ಕೊಂಬೆ ನಿಂತುಬಿಡುತ್ತದೆ. ಗಂಡುಮಕ್ಕಳಿಲ್ಲದಿದ್ದರೆ, ಮಗಳ ಮಕ್ಕಳು ಅಂಗಳದಲ್ಲಿ ಆಡುತ್ತಿದ್ದರೂ 'ವಂಶ ಮುಗಿಯಿತು' ಎನ್ನುತ್ತಾರೆ. ತಾಯಿಯ ಕಡೆಯಿಂದ ಉಳಿದದ್ದು ಉಳಿದಂತಲ್ಲ!

ನಮ್ಮ ಊರಿಗಾಮಿನ ಕಷ್ಟವನ್ನು ಆ ಸಂಹಾರದ ಪಕ್ಕದಲ್ಲಿ ಇಡಲಾರೆ. ಆದರೂ 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್ ಸತ್ತೇಹೋಯಿತೆಂಬ ಮಾತನ್ನು ಬೇಕಾದಷ್ಟು ಕೇಳಿದ್ದೇನೆ. ಇಲ್ಲಿಯವರು ಬೆಳಗಿನ ರೈಲಿನಲ್ಲಿ ಬಂಗಾರಪೇಟೆ ದಾಟಿ ಬೆಂಗಳೂರಿಗೆ ದುಡಿಯಲು ಹೋಗುತ್ತಲೇ ಇದ್ದಾರೆ. ನಾನು ಹಾಜರಿ ಕೂಗಿದರೆ ಅವರ ಮಕ್ಕಳು ಓಗೊಡುತ್ತಾರೆ. ಹೊರಗಿನಿಂದ ಮರುಗುವವರಿಗೆ ಈ ದನಿ ಕೇಳಿಸುವುದಿಲ್ಲ.

ಹೇಡನ್ ಚಿತ್ರದ ಕೊರತೆಯೂ ಇದೇ. ಸತ್ತವರಿಗಾಗಿ ಅದು ಪ್ರಾಮಾಣಿಕವಾಗಿ ಅಳುತ್ತದೆ. ಬದುಕಿರುವವರನ್ನು ಮಾತ್ರ ಸತ್ತವರ ಪಟ್ಟಿಗೆ ಸೇರಿಸಿಬಿಡುತ್ತದೆ. ಸಿಕ್ಕರೆ ನೋಡಿ. ಜೊತೆಗೆ ಫ್ಯಾನಿಯ ಹಾಡನ್ನೂ ಕೇಳಿ.