ಕತ್ತೆತ್ತಿ ನೋಡಿದರೆ ಗೌರವವೇ?

ರೂಪದರ್ಶಿಯನ್ನು ಕೆಳಗಿನಿಂದ ಸೆರೆಹಿಡಿದರೆ ಆಕೆಗೆ ಅಧಿಕಾರ ಬರುತ್ತದೆ ಎಂಬ ಮಾತು ಫ್ಯಾಷನ್ ಛಾಯಾಗ್ರಹಣದ ಚರ್ಚೆಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಇದನ್ನು ಒಪ್ಪುವ ಮುನ್ನ ಹೆಲ್ಮುಟ್ ನ್ಯೂಟನ್ ಅವರು 1981ರಲ್ಲಿ ತೆಗೆದ ‘ಸೀ ಕೊಮೆನ್’, ಅಂದರೆ ‘ಅವರು ಬರುತ್ತಿದ್ದಾರೆ’ ಎಂಬ ಚಿತ್ರಜೋಡಿಯನ್ನು ನೋಡಬೇಕು.

ನಾಲ್ವರು ರೂಪದರ್ಶಿಗಳು ನಮ್ಮತ್ತ ನಡೆದು ಬರುತ್ತಿದ್ದಾರೆ. ಒಂದು ಚಿತ್ರದಲ್ಲಿ ಉಡುಪಿದೆ. ಇನ್ನೊಂದರಲ್ಲಿ ಅದೇ ಭಂಗಿ, ಅದೇ ಹೆಜ್ಜೆ, ಆದರೆ ಹೈಹೀಲ್ಸ್ ಬಿಟ್ಟು ಮೈಮೇಲೆ ಏನೂ ಇಲ್ಲ. ಕ್ಯಾಮೆರಾ ತಗ್ಗಿನಲ್ಲಿದ್ದಾಗ ಹತ್ತಿರದ ಕಾಲು ಉದ್ದವಾಗಿ, ದೂರದ ತಲೆ ಚಿಕ್ಕದಾಗಿ ಕಾಣುತ್ತದೆ. ಬೆತ್ತಲಾದರೂ ಇವರು ಕುಗ್ಗಿಲ್ಲ, ಮುಜುಗರ ನೋಡುವವರದು. ಚಿತ್ರದ ಬಲವಿರುವುದು ಇಲ್ಲಿಯೇ.

ಆದರೆ ಈ ಎತ್ತರವನ್ನು ಕೊಟ್ಟವರು ಯಾರು? ಈ ಚಿತ್ರಕ್ಕೂ ಮೊದಲೇ, 1979ರಲ್ಲಿ, ಫ್ರೆಂಚ್ ಟೆಲಿವಿಷನ್‌ನಲ್ಲಿ ಸೂಸನ್ ಸೊಂಟಾಗ್ ಅವರು ನ್ಯೂಟನ್ ಎದುರಿಗೇ ಅವರ ಚಿತ್ರಗಳನ್ನು ಸ್ತ್ರೀದ್ವೇಷಿ ಎಂದಿದ್ದರು. ತಾನು ಹೆಣ್ಣನ್ನು ಪ್ರೀತಿಸುವವನು ಎಂಬುದು ನ್ಯೂಟನ್ ಕೊಟ್ಟ ಉತ್ತರ. ಪ್ರೀತಿಯೋ ದ್ವೇಷವೋ ಎಂಬ ಈ ವಾದದಲ್ಲಿ ನನಗೆ ಮುಖ್ಯವಾಗಿ ಕಾಣುವ ಪ್ರಶ್ನೆಯೊಂದು ಉಳಿದುಹೋಗುತ್ತದೆ. ಬಟ್ಟೆ ಯಾವಾಗ ಕಳಚಬೇಕು, ಕ್ಯಾಮೆರಾ ಎಲ್ಲಿಡಬೇಕು, ಯಾವ ಚಿತ್ರ ಅಚ್ಚಾಗಬೇಕು ಎಂದು ತೀರ್ಮಾನಿಸುವವರು ಯಾರು? ಛಾಯಾಗ್ರಾಹಕ ಮಂಡಿಯೂರಿ ಕೂತ ಮಾತ್ರಕ್ಕೆ ಆ ಹಕ್ಕು ರೂಪದರ್ಶಿಯ ಕೈಗೆ ಬರುವುದಿಲ್ಲ. ತಗ್ಗಿನ ಕೋನವನ್ನು ಹೊಗಳುವ ವಿಮರ್ಶೆ ಇದನ್ನೂ ಕೇಳಬೇಕು.